ಕಾಡು ರೋಬಸ್ಟಾದ ವಿವರಣೆ ಬರೆದದ್ದು: ನನ್ನ ಅನುಭವ

ನಾನು ಕೊಡಗಿನವಳು, ರೋಬಸ್ಟಾ ಕಾಫಿ ತೋಟದಲ್ಲೇ ಬೆಳೆದವಳು. ಉಗಾಂಡಾದ ಪಶ್ಚಿಮಕ್ಕಿರುವ ಕಿಬಾಲೆ ಕಾಡಿನಲ್ಲಿ ಇದೇ ಗಿಡದ ಸಸ್ಯವಿವರಣೆ ಬರೆಯಬೇಕು ಅಂದಾಗ ಮನೆಯವರು ನಕ್ಕರು. ಅದರಲ್ಲೇನಿದೆ ಬರೆಯೋಕೆ, ಗೊತ್ತಿರೋ ಗಿಡ ಅಲ್ವಾ?

ಗೊತ್ತಿರೋದೇ ತೊಂದರೆ. ನಮ್ಮ ತೋಟದ ಗಿಡಕ್ಕೆ ಪ್ರತಿ ವರ್ಷ ಕಸಿ ಮಾಡುತ್ತೇವೆ, ಅಂದರೆ ಕೊಂಬೆ ಸವರುತ್ತೇವೆ; ಕಂಬಚಿಗುರು, ಅಂದರೆ ಕಾಂಡದಿಂದ ನೆಟ್ಟಗೆ ಏಳುವ ಚಿಗುರು, ಮುರಿಯುತ್ತೇವೆ. ಅದರ ಆಕಾರ ಕತ್ತಿ ಕೊಟ್ಟದ್ದು, ಗಿಡದ್ದಲ್ಲ. ಕಿಬಾಲೆಯಲ್ಲಿ ದೊಡ್ಡ ಮರಗಳ ನೆರಳಲ್ಲಿ ಅದು ಸಪೂರವಾಗಿ ಮೇಲೇಳುತ್ತದೆ. ಬುಡದಿಂದಲೇ ಹಲವು ಕಾಂಡ, ಕೆಳಗಡೆ ರೆಕ್ಕೆಗಳೆಲ್ಲ (ಅಡ್ಡಕೊಂಬೆಗಳೆಲ್ಲ) ಉದುರಿ ಬೋಳು. ಬಿಟ್ಟರೆ ಎಂಟು ಹತ್ತು ಮೀಟರ್ ಹೋಗುತ್ತದೆ. ಆದ್ದರಿಂದ ಮೊದಲು ಬರೆಯೋದು ಗಿಡದ ನಿಲುವನ್ನೇ: ಎತ್ತರ, ಕಾಂಡ ಎಷ್ಟು, ನೆರಳು ಹೇಗಿದೆ. ಕೊಂಬೆ ಕತ್ತರಿಸೋದು ಆಮೇಲೆ. ಪ್ರೆಸ್‌ನಲ್ಲಿ, ಅಂದರೆ ಗಿಡದ ಮಾದರಿ ಒತ್ತಿಡುವ ಹಲಗೆಗಳ ನಡುವೆ, ಒಣಗಿ ಹಾಳೆಗೆ ಅಂಟಿದ ಕೊಂಬೆ ಇದ್ಯಾವುದನ್ನೂ ಹೇಳೋದಿಲ್ಲ.

ಆಮೇಲೆ ಎಲೆ. ಎದುರುಬದುರು ಜೋಡಿ, ಎರಡು ತೊಟ್ಟುಗಳ ನಡುವೆ ಕಾಂಡಕ್ಕೆ ಅಂಟಿಕೊಂಡ ಪುಟ್ಟ ತ್ರಿಕೋನದ ಉಪಪತ್ರ. ಇದನ್ನು ನೋಡಿದ ಕೂಡಲೇ ಕಾಫಿ ಸೇರಿರುವ ರೂಬಿಯೇಸಿ ಸಸ್ಯಕುಟುಂಬ ಅಂತ ಗುರುತು ಸಿಗುತ್ತದೆ. ಎಲೆ ದೊಡ್ಡದು, 15ರಿಂದ 30 ಸೆಂಟಿಮೀಟರ್ ಉದ್ದ. ಅಂಚು ಅಲೆಅಲೆ, ತುದಿ ಚೂಪು. ನೆರಳಿನ ಎಲೆ, ಬಿಸಿಲಿನ ಎಲೆ ಬೇರೆಬೇರೆ ಅಳತೆ ಕೊಡುತ್ತವೆ. ಎರಡನ್ನೂ ಅಳೆದು ಎರಡನ್ನೂ ಬರೆಯುತ್ತೇನೆ. ಸರಾಸರಿ ಅಂತ ಒಂದೇ ಅಂಕಿ ಹಾಕೋದು ನನಗೆ ಹಿಡಿಸದು.

ಎಲೆಯನ್ನು ಮಗುಚಿ ಲೆನ್ಸ್ ಹಿಡಿಯಿರಿ. ನಡುನರದಿಂದ ಪಕ್ಕದ ನರ ಒಡೆಯುವ ಮೂಲೆಯಲ್ಲಿ ಸಣ್ಣ ಗುಳಿ ಇರುತ್ತದೆ. ಡೊಮೇಷಿಯಾ ಅನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಮೈಟ್‌ಗಳಿಗೆ (ನುಸಿಗಳಿಗೆ) ಅದೇ ಮನೆ. ಅಷ್ಟು ವರ್ಷ ತೋಟದಲ್ಲಿ ಓಡಾಡಿದ್ದರೂ ಅಲ್ಲಿ ಯಾರೂ ಇದನ್ನು ನನಗೆ ತೋರಿಸಿರಲಿಲ್ಲ. ಗುಳಿ ಎಲ್ಲಿದೆ, ಬಾಯಿ ಎಷ್ಟು ಅಗಲ, ಸುತ್ತ ರೋಮ ಇದೆಯಾ ಅಂತೆಲ್ಲ ಹಸಿ ಎಲೆಯಲ್ಲೇ ನೋಡಿ ಬರೆದುಕೊಳ್ಳಬೇಕು. ಒಂದು ಕಾಫಿ ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡುವಾಗ ಇಂಥ ಸಣ್ಣ ವಿವರವೇ ಕೈಹಿಡಿಯೋದು.

ಹೂವಿಗೆ ಮಾತ್ರ ಕಾಯಲೇಬೇಕು. ಒಣಹವೆ ಕಳೆದು ಒಳ್ಳೆ ಮಳೆ ಬಿದ್ದರೆ, ವಾರ ಹತ್ತು ದಿನದಲ್ಲಿ ಮೊಗ್ಗೆಲ್ಲ ಒಟ್ಟಿಗೆ ಬಿರಿಯುತ್ತದೆ. ಊರಿನ ಹೂಮಳೆಯ ಲೆಕ್ಕವೇ ಅಲ್ಲೂ ನಡೆಯುತ್ತದೆ. ಎಲೆಕಂಕುಳಲ್ಲಿ ಗೊಂಚಲು, ಬಿಳಿ ಹೂ, ದಳದ ಹೋಳು ಐದರಿಂದ ಏಳು, ಕೇಸರ ಕೊಳವೆಯಿಂದ ಹೊರಗೆ ಚಾಚಿರುತ್ತದೆ. ಎರಡು ದಿನ ದಾಟಿದರೆ ಕಂದು. ಒತ್ತಿದರೆ ಹೂ ಚಪ್ಪಟೆಯಾಗಿ ಅಳತೆಗೆ ಸಿಗೋದಿಲ್ಲ, ಅದಕ್ಕೆ ಕೆಲವನ್ನು ಆಲ್ಕೋಹಾಲ್ ಬಾಟಲಿಗೆ ಹಾಕುತ್ತೇನೆ. ಪರಿಮಳ ಬಾಟಲಿಯಲ್ಲಿ ಉಳಿಯೋದಿಲ್ಲ. ಹಾಗಾಗಿ ಅದನ್ನು ಅಲ್ಲೇ ನಿಂತು ಬರೆಯಬೇಕು.

ಈ ಗಿಡ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟೋದಿಲ್ಲ, ಇನ್ನೊಂದು ಗಿಡದ್ದೇ ಬೇಕು. ಅದಕ್ಕೇ ಕಾಡಿನಲ್ಲಿ ಒಂದು ಗಿಡದಂತೆ ಇನ್ನೊಂದಿಲ್ಲ. ಒಂದೇ ಗಿಡ ನೋಡಿ ಜಾತಿಯ ವಿವರಣೆ ಬರೆದರೆ ಅದು ಆ ಗಿಡದ ವಿವರಣೆ ಮಾತ್ರ. ಕಾಫಿಯಾ ಕೆನೆಫೊರಾ ಅನ್ನುವ ರೋಬಸ್ಟಾದ ವೈಜ್ಞಾನಿಕ ಹೆಸರು 1897ರಲ್ಲೇ ಪ್ರಕಟವಾಗಿದೆ. ಆದರೆ ಈ ಜಾತಿ ಪಶ್ಚಿಮದ ಗಿನಿಯಿಂದ ಉಗಾಂಡಾವರೆಗೆ ಹಬ್ಬಿದೆ, ಎಲ್ಲ ಕಡೆಯೂ ಒಂದೇ ಥರ ಇರೋದಿಲ್ಲ. ಕಿಬಾಲೆಯ ಗಿಡಗಳನ್ನು ಬೇರೆಯಾಗಿ ಬರೆಯೋದು ಅದಕ್ಕೇ.

ಹಣ್ಣು ಮಾಗೋಕೆ ಹೆಚ್ಚುಕಡಿಮೆ ಹತ್ತು ತಿಂಗಳು, ಇನ್ನೊಂದು ಕಾಫಿ ಜಾತಿಯಾದ ಅರೇಬಿಕಾಗಿಂತ ನಿಧಾನ. ಹೂ, ಹಣ್ಣು ಎರಡೂ ಒಂದೇ ಗಿಡದ್ದು ಅಂತ ಬರೆಯಬೇಕಾದರೆ ಕೊಂಬೆಗೆ ಅಲ್ಯೂಮಿನಿಯಂ ತಗಡಿನ ನಂಬರ್ ಕಟ್ಟಿ ಬರಬೇಕು. ದಾರ ಕಟ್ಟಿದರೆ ಮಳೆಕಾಡಿನಲ್ಲಿ ಕೊಳೆತುಹೋಗುತ್ತದೆ. ಕಟ್ಟುವಾಗ ಸ್ವಲ್ಪ ಸಡಿಲ ಬಿಡಿ, ಕೊಂಬೆ ದಪ್ಪವಾಗುತ್ತದೆ.