ನಡಾವಳಿ ಪುಸ್ತಕದಿಂದ ಹಿತ್ತಿಲಿಗೆ

1995ರಲ್ಲಿ ರಾಜ್ಯಶಾಸ್ತ್ರದ ಪಿಎಚ್‌.ಡಿ.ಗೆ ನಾನು ಆರಿಸಿಕೊಂಡ ವಿಷಯ ಗ್ರಾಮ ಪಂಚಾಯಿತಿಯ ಮಹಿಳಾ ಸದಸ್ಯರು. ಇದು ಸಮಾಜಶಾಸ್ತ್ರದವರ ಕೆಲಸವಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿಯನ್ನು ಕಡ್ಡಾಯಗೊಳಿಸಿದ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರ ಮಂಡಲ ಪಂಚಾಯಿತಿ (ಗ್ರಾಮ ಪಂಚಾಯಿತಿಯ ಹಿಂದಿನ ರೂಪ) ಚುನಾವಣೆಯಲ್ಲಿಯೇ, ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದ್ದ ರಾಜ್ಯದಲ್ಲಿ ಈ ಪ್ರಶ್ನೆ ನನಗೆ ವಿಚಿತ್ರವೆನಿಸಿತ್ತು.

ಆದರೆ ನನ್ನ ಮೊದಲ ಸೋಲಿಗೆ ಅವರು ಕಾರಣರಲ್ಲ. ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಉದ್ದನೆಯ ಪ್ರಶ್ನಾವಳಿ ಹಿಡಿದು ಹೋದರೆ, ಜಗಲಿಯ ಮೇಲೆ ಕುಳಿತ ಗಂಡಂದಿರೇ ಉತ್ತರಿಸುತ್ತಿದ್ದರು: "ಅವಳಿಗೇನು ಗೊತ್ತು ಮೇಡಂ, ನನ್ನನ್ನೇ ಕೇಳಿ." ಬೇಸತ್ತು ಪಂಚಾಯಿತಿ ಕಚೇರಿಯಲ್ಲಿ, ಸಭೆಯ ಹಾಜರಿ ಮತ್ತು ಠರಾವುಗಳನ್ನು (ತೀರ್ಮಾನಗಳನ್ನು) ಬರೆದಿಡುವ ನಡಾವಳಿ ಪುಸ್ತಕಗಳನ್ನು ಓದತೊಡಗಿದೆ. ಹಾಜರಿಯಲ್ಲಿ ಮಹಿಳೆಯರ ಹೆಬ್ಬೆಟ್ಟುಗಳಿದ್ದವು. ಠರಾವುಗಳ ಕೆಳಗೆ ಸೂಚಕರು, ಅನುಮೋದಕರು ಎಂಬಲ್ಲಿ ಅವರ ಹೆಸರು ಕಾಣುತ್ತಿದ್ದುದು ಅಪರೂಪ. ಸದಸ್ಯೆಯರು ಸಭೆಯಲ್ಲಿ ಮೌನವಾಗಿರುತ್ತಾರೆ ಎಂದು ಒಂದು ಅಧ್ಯಾಯವನ್ನೇ ಬರೆದುಬಿಟ್ಟೆ.

ಅದೇ ಠರಾವುಗಳನ್ನು ನಕಲು ಮಾಡಿಕೊಂಡು ಒಬ್ಬ ಸದಸ್ಯೆಯ ಮನೆಯ ಹಿತ್ತಿಲಲ್ಲಿ, ಅವರು ಪಾತ್ರೆ ತೊಳೆಯುತ್ತಿದ್ದಾಗ, ಓದಿ ಹೇಳಿದೆ. "ಕೈಪಂಪು ನಮ್ಮ ಕೇರಿಗೇ ಬೇಕು ಅಂತ ಕೂತುಬಿಟ್ಟವಳು ನಾನು. ಬರಕೊಂಡಿರೋದು ಅವರ ಹೆಸರಾ?" ಎಂದು ಅವರು ತಲೆಯೆತ್ತಿ ಕೇಳಿದರು.

ಆ ಅಧ್ಯಾಯವನ್ನು ಪೂರ್ತಿಯಾಗಿ ಹರಿದುಹಾಕಿದೆ. ಪ್ರತಿ ಠರಾವಿಗೂ ಮೂರು ಕಲಂ ಹಾಕಿದೆ: ಪುಸ್ತಕದಲ್ಲಿರುವ ಹೆಸರು, ಸದಸ್ಯೆಯ ಮಾತು, ಆ ಸಭೆಯಲ್ಲಿದ್ದ ಮತ್ತೊಬ್ಬರ ಮಾತು. ಮೂರನೆಯದಕ್ಕಾಗಿ ಒಂದೇ ಊರಿಗೆ ನಾಲ್ಕೈದು ಸಲ ಹೋಗಬೇಕಾಗುತ್ತಿತ್ತು. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ರಾತ್ರಿ ಅಲ್ಲಿಯೇ ಉಳಿಯುವುದು, ಒಂಟಿ ಹೆಂಗಸಿಗೆ ಇದೆಲ್ಲ ಬೇಕೇ ಎಂಬ ಮಾತನ್ನು ಬೆಳಿಗ್ಗೆ ಕೇಳಿಸಿಕೊಳ್ಳುವುದು. ಆ ಕಲಂ ಇಲ್ಲದಿದ್ದರೆ ನನ್ನ ಪ್ರಬಂಧ ಸದಸ್ಯೆಯರ ಪರವಾದ ಅಹವಾಲು ಆಗುತ್ತಿತ್ತೇ ಹೊರತು ಸಂಶೋಧನೆ ಆಗುತ್ತಿರಲಿಲ್ಲ.

ಆಮೇಲಿನ ಅಧ್ಯಾಪಕಿಯ ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮೀಸಲಾತಿ ಅರ್ಧಕ್ಕೇರಿದ ಮೇಲೆ, 2015ರ ಚುನಾವಣೆಯ ನಂತರ, ಅವೇ ಪಂಚಾಯಿತಿಗಳಿಗೆ ವಿದ್ಯಾರ್ಥಿನಿಯರೊಡನೆ ಹೋದೆ. ಈಗ ಸೂಚಕರ ಜಾಗದಲ್ಲಿ ಮಹಿಳೆಯರ ಹೆಸರು ಧಾರಾಳವಾಗಿತ್ತು, ಹುಡುಗಿಯರಿಗೆ ಖುಷಿಯಾಯಿತು. ಮೂರನೆಯ ಕಲಂ ತುಂಬಿದಾಗ, ಅವುಗಳಲ್ಲಿ ಕೆಲವು ಗಂಡಂದಿರು ಹೇಳಿ ಬರೆಸಿದ ಠರಾವುಗಳೆಂದು ತಿಳಿಯಿತು.