ಮಲ್ಪೆಯ ಉಪ್ಪುಗಾಳಿಗೆ ಜಗ್ಗದ ಜಾಯಿಂಟ್

ಮಲ್ಪೆ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿಗೆ 16 ಸಿಸಿಟಿವಿ ಕ್ಯಾಮರಾ ಹಾಕಿದ್ದೆ. ಎಲ್ಲ ತ್ರೀ ಪ್ಲಸ್ ಒನ್ ಕೇಬಲ್, ಅಂದರೆ ಚಿತ್ರಕ್ಕೆ ಒಂದು ತಂತಿ, ಕರೆಂಟು ಮುಂತಾದ್ದಕ್ಕೆ ಮೂರು, ಎಲ್ಲ ಒಂದೇ ಕವಚದಲ್ಲಿ. ರೇಟಿನ ಆಸೆಗೆ ಬಿದ್ದು, ಅಲ್ಯೂಮಿನಿಯಂಗೆ ತಾಮ್ರ ಬಳಿದ ಮಾಲು ತಂದಿದ್ದೆ. ಹಗಲು ಚಿತ್ರ ಚಂದವೇ. ರಾತ್ರಿ ಕ್ಯಾಮರಾದ ಐಆರ್ (ಕತ್ತಲಲ್ಲಿ ಕಾಣಿಸುವ ಇನ್ಫ್ರಾರೆಡ್ ದೀಪ) ಹೊತ್ತಿದ ಕೂಡಲೇ ದೋಣಿ ನಿಲ್ಲುವ ದಕ್ಕೆ ಕಡೆಯ 4 ಕ್ಯಾಮರಾ ಮಾಯ. 70 ಮೀಟರ್ ಆಚೆ ಮೀಟರ್ ಹಿಡಿದರೆ 12 ವೋಲ್ಟ್ ಇರಬೇಕಾದಲ್ಲಿ 9 ಚಿಲ್ಲರೆ. ನಾನೋ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಬದಲಿಸಿದೆ, ಕ್ಯಾಮರಾ ಬದಲಿಸಿದೆ, ಕೇಬಲಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಆಟಿ ತಿಂಗಳ ಮಳೆ ಮುಗಿಯುವಷ್ಟರಲ್ಲಿ ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರುಗಳ ಒಳಗೆಲ್ಲ ಹಸಿರು ಕಿಲುಬು. ಕೈಯಿಂದ ಹೋದದ್ದು ಹತ್ತಿರ ಹತ್ತಿರ 20 ಸಾವಿರ. ಬಾಕಿ ಕೇಳಿದರೆ ಧಣಿಗಳು, "ಮೊದಲು ಚಿತ್ರ ತೋರಿಸಿ ಮಾರಾಯ್ರೆ" ಎಂದರು.

ಎರಡನೇ ಸಲ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟನ್ನೂ ಕಳಿಸುವಂಥದ್ದು), ಹೊರಾಂಗಣದ ಕಪ್ಪು ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಶುದ್ಧ ತಾಮ್ರದ್ದು. 48 ವೋಲ್ಟಿಗೆ ಕರೆಂಟ್ ಕಡಿಮೆ, ದಾರಿಯಲ್ಲಿ ವೋಲ್ಟೇಜ್ ಡ್ರಾಪಿನ ತಲೆಬಿಸಿ ಇಲ್ಲ. ಕೇಬಲ್ ಪೆಟ್ಟಿಗೆಗೆ ದುಪ್ಪಟ್ಟು ಕೊಟ್ಟೆನೆಂದು ನಮ್ಮ ಲೈನಿನವರೇ ನಕ್ಕರು. ಪೆಟ್ಟಿಗೆಯ ಮೇಲೆ ಏನು ಬರೆದಿದ್ದರೂ ನಾನು ನಂಬುವವನಲ್ಲ. ತಂತಿಯನ್ನು ಬ್ಲೇಡಿನಲ್ಲಿ ಕೆರೆಯುತ್ತೇನೆ, ಒಳಗೆ ಅಲ್ಯೂಮಿನಿಯಂ ಬೆಳ್ಳಗೆ ಕಂಡರೆ ವಾಪಸ್. 305 ಮೀಟರಿನ ಪೆಟ್ಟಿಗೆ ಎತ್ತಿದಾಗಲೇ ಈಗ ತೂಕದಲ್ಲೇ ಕೈಗೆ ಗೊತ್ತಾಗುತ್ತದೆ, ಬಿಡಿ.

ಆದರೂ ಜೂನಿನಲ್ಲೇ 2 ಆರ್‌ಜೆ45, ಅಂದರೆ ನೆಟ್‌ವರ್ಕ್ ಕೇಬಲಿನ ತುದಿಯ ಪ್ಲಗ್, ಕೈಕೊಟ್ಟವು. ತಪ್ಪು ನನ್ನದೇ, ಕೇಬಲನ್ನು ಜಾಯಿಂಟ್ ಇರುವ ಡಬ್ಬಿಯ ಮೇಲಿನಿಂದ ಇಳಿಸಿದ್ದೆ, ಮಳೆನೀರು ಅದರ ಗುಂಟವೇ ಒಳಗಿಳಿಯಿತು. ಈಗ ಕೆಳಗೆ ಒಂದು ಬಳುಕು ಕೊಟ್ಟು, ತಳದ ಗ್ಲ್ಯಾಂಡಿನಿಂದಲೇ (ಕೇಬಲನ್ನು ಬಿಗಿಯಾಗಿ ಹಿಡಿಯುವ ತೂತಿನ ಬಿರಡೆ) ಒಳಗೆ ಬಿಡುತ್ತೇನೆ.

ನಡುವೆ ಮನೆ ಹಿಂದೆ, ಕಡಲಿನ ಗಾಳಿ ಹೊಡೆಯುವಲ್ಲಿ, 5 ಜಾಯಿಂಟ್ ನೇತುಹಾಕಿದೆ. ಒಂದು ಬರಿದು, ಒಂದಕ್ಕೆ ಮಾಮೂಲಿ ಟೇಪು, ಒಂದಕ್ಕೆ ಪೆಟ್ರೋಲಿಯಂ ಜೆಲ್ಲಿ, ಒಂದಕ್ಕೆ ಸಿಲಿಕೋನ್ ಗ್ರೀಸ್. ಐದನೆಯದಕ್ಕೆ ಹೆಂಡತಿಯ ಸಲಹೆಯಂತೆ ತೆಂಗಿನೆಣ್ಣೆ. ಎರಡೇ ದಿನಕ್ಕೆ ಇರುವೆ ಮುತ್ತಿದವು! ಜೆಲ್ಲಿ ಬಿಸಿಲಿಗೆ ಕರಗಿ ಇಳಿಯಿತು. ಟೇಪು ಸುತ್ತಿದ್ದು ಬರಿದಾಗಿದ್ದುದಕ್ಕಿಂತ ಬೇಗ ಕೆಟ್ಟಿತು, ಒಳಹೊಕ್ಕ ನೀರಿಗೆ ಆರಲು ದಾರಿಯೇ ಇರಲಿಲ್ಲ. ಗ್ರೀಸಿನದ್ದು ಇವತ್ತಿಗೂ ಹೊಳೆಯುತ್ತಿದೆ. ಅದರ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತುತ್ತೇನೆ. ಯಾವ ತುದಿಯಿಂದ ಶುರು ಮಾಡುತ್ತೇನೆ, ಡಬ್ಬಿಯ ತಳಕ್ಕೆ ಏನು ಮಾಡುತ್ತೇನೆ ಎಂಬುದು ನನ್ನ ಅನ್ನದ ವಿಷಯ, ಇಲ್ಲಿ ಬರೆಯುವುದಿಲ್ಲ.

ಇದು ಮೂರನೇ ಮಳೆಗಾಲ. 16ರಲ್ಲಿ ಬಂದಾದದ್ದು ಒಂದೇ, ಅದೂ ಹೆಗ್ಗಣ ಕಡಿದು. ನಕ್ಕವರಲ್ಲಿ ಒಬ್ಬರು ಮೊನ್ನೆ ಸುರತ್ಕಲ್‌ನಿಂದ ಫೋನ್ ಮಾಡಿ ಗ್ರೀಸಿನ ಹೆಸರು ಕೇಳಿದರು. ಧಣಿಗಳು ಹಳೆ ಬಾಕಿಯಲ್ಲಿ 2 ಸಾವಿರ ಮುರಿದುಕೊಂಡು ಉಳಿದದ್ದು ಕೊಟ್ಟರು, ಜೊತೆಗೆ ಒಂದು ಚೀಲ ಬಂಗುಡೆ.