ಟಿವಿಯಲ್ಲಿ ಸೌಂಡ್ ಇದೆ, ಚಿತ್ರ ಇಲ್ವಾ? ಮೊದಲು ಟಾರ್ಚ್ ಹಿಡಿದು ನೋಡಿ

ನಮ್ಮ ಮನೆಯ ಎಂಟು ವರ್ಷದ 32 ಇಂಚಿನ ಎಲ್‌ಇಡಿ ಟಿವಿ ಹೋದ ತಿಂಗಳು ಧಾರಾವಾಹಿ ಮಧ್ಯದಲ್ಲೇ ಕಪ್ಪಾಯಿತು. ಮಾತು ಮಾತ್ರ ಕೇಳಿಸುತ್ತಿತ್ತು, ಅಮ್ಮ ರೇಡಿಯೋ ಥರ ಕೇಳಿಕೊಂಡು ಕೂತಿದ್ದರು. ರಿಪೇರಿಯವನು ಬಂದು ‘ಪ್ಯಾನೆಲ್ (ಚಿತ್ರ ಮೂಡಿಸುವ ಪರದೆ) ಹೋಗಿದೆ, ಹೊಸ ಟಿವಿ ತಗೊಳ್ಳಿ’ ಅಂದ. ನನಗೆ ಯಾಕೋ ನಂಬಿಕೆ ಬರಲಿಲ್ಲ.

ರಾತ್ರಿ ರೂಮಿನ ಲೈಟ್ ಆರಿಸಿ, ಟಿವಿ ಆನ್ ಮಾಡಿ, ಮೊಬೈಲ್ ಟಾರ್ಚನ್ನು ಪರದೆಗೆ ತೀರಾ ಹತ್ತಿರ ಓರೆಯಾಗಿ ಹಿಡಿದೆ. ಮಸುಕು ಮಸುಕಾಗಿ ಚಿತ್ರ ಓಡುತ್ತಿತ್ತು! ಅಂದರೆ ಪ್ಯಾನೆಲ್ ಸರಿಯಿದೆ, ಕೈಕೊಟ್ಟಿದ್ದು ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್. ಹೆಚ್ಚಾಗಿ ಅದರ ಪಟ್ಟಿಗಳೇ ಹೋಗಿರುತ್ತವೆ, ಕೆಲವೊಮ್ಮೆ ಅದಕ್ಕೆ ಕರೆಂಟ್ ಕೊಡುವ ಬೋರ್ಡ್. ಪಟ್ಟಿಯಲ್ಲಿ ಸಣ್ಣ ಎಲ್‌ಇಡಿಗಳು ಹಬ್ಬದ ಸೀರಿಯಲ್ ಸೆಟ್ ಥರ ಇರುತ್ತವೆ, ಒಂದು ಸುಟ್ಟರೂ ಇಡೀ ಸಾಲೇ ಆರಿಹೋಗಬಹುದು.

ಸುಟ್ಟಿರುವ ಒಂದು ಪಟ್ಟಿಯನ್ನಷ್ಟೇ ಬದಲಾಯಿಸಬೇಡಿ, ಪೂರ್ತಿ ಸೆಟ್ ಹಾಕಿಸಿ. ಉಳಿದವೂ ಅಷ್ಟೇ ಹಳೇವು ಅಲ್ವಾ? ಬೆಂಗಳೂರಿನವರು ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್‌.ಪಿ. ರೋಡಲ್ಲಿ ವಿಚಾರಿಸಿ, ಟಿವಿ ಹಿಂದಿನ ಮಾಡೆಲ್ ನಂಬರ್ ಸ್ಟಿಕರ್‌ನ ಫೋಟೋ ಜೊತೆಗಿರಲಿ. ನೀವೇ ಬಿಚ್ಚೋಕೆ ಮಾತ್ರ ಹೋಗಬೇಡಿ, ಪ್ಯಾನೆಲ್ ಗಾಜು ಸ್ವಲ್ಪ ಬಳುಕಿದರೂ ಬಿರುಕು ಬಿಡಬಹುದು, ಆಗ ರಿಪೇರಿಯವನು ಹೇಳಿದ್ದೇ ನಿಜ ಆಗಿಬಿಡುತ್ತೆ.

ಸರಿಯಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕ್‌ಲೈಟ್ 100 ಇದ್ದರೆ 60ಕ್ಕೆ ಇಳಿಸಿ. ಬಿಸಿ ಕಡಿಮೆ, ಬಾಳಿಕೆ ಜಾಸ್ತಿ.